ಎರಡನೇ ಬೋರ್ಡಿನ ಸಣ್ಣ ಸಿಳ್ಳೆ

ಮಾವನಿಗೆ ಕಿವಿ ಮಂದವಾಗಿದೆ ಎಂದು ಮಾವನಿಗೇ ಹೇಳುವುದು ಹೇಗೆ ಎಂಬ ಯೋಚನೆ ಸೊಸೆಯ ತಲೆಯನ್ನು ಎರಡು ವಾರದಿಂದ ಕೊರೆಯುತ್ತಿತ್ತು. ಬೇರೆ ಮನೆಯಾಗಿದ್ದರೆ ಇದೇನು ದೊಡ್ಡ ಮಾತಲ್ಲ. ಅರವತ್ತು ದಾಟಿದ ಮೇಲೆ ಯಾರ ಕಿವಿ ತಾನೇ ಮೊದಲಿನಂತಿರುತ್ತದೆ? ಆದರೆ ಈ ಮನೆಯಲ್ಲಿ ಒಲೆ ಉರಿಯುತ್ತಿದ್ದುದೇ ಮಾವನ ಕಿವಿಯಿಂದ.

ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅವರು ಡ್ಯಾಕ್ ತಯಾರಿಸುತ್ತಿದ್ದರು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರೀ ಅಂಕಿಗಳಾಗಿ ಕೂತಿರುವ ಹಾಡನ್ನು ಸ್ಪೀಕರಿಗೆ ಅರ್ಥವಾಗುವ ವಿದ್ಯುತ್ತಾಗಿ ಬದಲಿಸಿಕೊಡುವ, ಇಟ್ಟಿಗೆಯಷ್ಟು ಗಾತ್ರದ ಪೆಟ್ಟಿಗೆ ಅದು. ಫೋನಿನೊಳಗೂ ಇಂಥದ್ದೊಂದು ಇದ್ದೇ ಇರುತ್ತದೆ. ಅದು ಸಾಲದು ಎನ್ನುವವರು ಇವರ ಬಳಿ ಬರುತ್ತಿದ್ದರು. ಪೆಟ್ಟಿಗೆಯೊಳಗೆ ಬಿಡಿಭಾಗಗಳನ್ನೆಲ್ಲ ಬೆಸೆದ ಸರ್ಕ್ಯೂಟ್ ಬೋರ್ಡನ್ನು ಮಾವ ಒಮ್ಮೆ ಬುಡದಿಂದ ಬದಲಿಸಿದ್ದರು. ಬಹಳ ವರ್ಷದಿಂದ ಮಾರಾಟವಾಗುತ್ತಿದ್ದುದು ಆ ಎರಡನೇ ಬೋರ್ಡು. ಮದುವೆಯಾಗಿ ಬಂದು, ಹಳೆಯ ಆಫೀಸು ಬಿಟ್ಟು, ಮಾವನ ಪಕ್ಕದ ಬೆಂಚಿನಲ್ಲೇ ಕೂತ ಸೊಸೆ ಮಾಡಿದ್ದು ಮೂರನೆಯದು.

ಈ ಎರಡರಲ್ಲಿ ಯಾವುದನ್ನು ಕಳಿಸುವುದು ಎಂದು ತೀರ್ಮಾನವಾಗಬೇಕಿತ್ತು. ಹೊಸ ಅಂಗಡಿಯವನೊಬ್ಬ ದೊಡ್ಡ ಆರ್ಡರ್ ಕೊಟ್ಟಿದ್ದ. ಅವನ ಅಂಗಡಿ ಇದ್ದದ್ದು ಕಾಲೇಜುಗಳ ಬೀದಿಯಲ್ಲಿ. ಬರುವವರೆಲ್ಲ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಹುಡುಗ ಹುಡುಗಿಯರು. ಅದುವರೆಗೆ ಇವರ ಗಿರಾಕಿಗಳಲ್ಲಿ ಕಪ್ಪು ತಲೆಯವರು ಕಡಿಮೆ, ಇದ್ದರೂ ಅದು ಹಚ್ಚಿದ ಬಣ್ಣ.

ಎರಡನೇ ಬೋರ್ಡು ಸಿಳ್ಳೆ ಹಾಕುತ್ತಿತ್ತು. ಹಾಡಿನೊಳಗಲ್ಲ, ಸ್ಪೀಕರಿನಲ್ಲೂ ಅಲ್ಲ; ಪೆಟ್ಟಿಗೆಯೇ, ಸೊಳ್ಳೆಗಿಂತ ಸಣ್ಣ ದನಿಯಲ್ಲಿ, ಉಸಿರು ಬಿಡದೆ. ಸೊಸೆ ಮೊದಲು ಅದು ಟ್ಯೂಬ್‌ಲೈಟಿನದು ಅಂದುಕೊಂಡಿದ್ದಳು. ದೀಪ ಆರಿಸಿದಳು, ನಿಲ್ಲಲಿಲ್ಲ. ಪೆಟ್ಟಿಗೆ ಆರಿಸಿದಳು; ನಿಂತಿತು. ಮಾವನ ಅಳತೆಯ ಯಂತ್ರಕ್ಕೆ ಅದು ಸಿಗುವ ಹಾಗಿರಲಿಲ್ಲ. ಆ ಯಂತ್ರ ನೋಡುವುದು ತಂತಿಯಲ್ಲಿ ಬರುವುದನ್ನು. ಪೆಟ್ಟಿಗೆ ತಾನೇ ಹಾಡಿಕೊಂಡರೆ ಅದಕ್ಕೇನು ಗೊತ್ತು? ಮೂರನೆಯದು ಮಾತ್ರ ತುಟಿ ಪಿಟಕ್ಕೆನ್ನದೆ ಕೆಲಸ ಮಾಡುತ್ತಿತ್ತು.

ಗಂಡನಿಗೆ ಹೇಳಿದಾಗ ಅವನು ಪ್ಯಾಕಿಂಗ್ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. "ಅಪ್ಪನ ಮೀಸೆ ಬಗ್ಗೆ ಬೇಕಾದ್ರೆ ಮಾತಾಡು. ಕಿವಿ ತಂಟೆಗೆ ಹೋಗ್ಬೇಡ," ಎಂದ. ಮೂರನೆಯದು ಒಳ್ಳೆಯದಾಗಿದ್ದರೆ ಅಪ್ಪ ತಾವಾಗೇ ಒಪ್ಪುತ್ತಾರೆ ಎಂದು ಸಮಾಧಾನವನ್ನೂ ಹೇಳಿದ. ಅವಳೂ ಅದೇ ಆಸೆಯಲ್ಲಿದ್ದಳು.

ಆ ಬೆಳಿಗ್ಗೆ ಮಾವ ಎರಡೂ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ಕೂತರು. ಒಂದರ ತಂತಿ ಇನ್ನೊಂದಕ್ಕೆ ಹಾಕಿ, ಅಳೆದು, ಕಣ್ಣು ಮುಚ್ಚಿ ಕೇಳಿ, ಮತ್ತೆ ಅಳೆದರು. ಊಟದ ಹೊತ್ತಿಗೆ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರು.

"ಅಳತೆ ಎರಡರದ್ದೂ ಒಂದೇ. ಕೇಳೋಕೂ ಒಂದೇ. ನಿನ್ನದಕ್ಕೆ ಖರ್ಚು ಜಾಸ್ತಿ ಬೀಳುತ್ತಮ್ಮ. ಹಳೇದೇ ಹೋಗ್ಲಿ."

ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅದೇ ತೊಂದರೆ. ಹೊಟ್ಟೆಕಿಚ್ಚಾಗಿದ್ದರೆ ಜಗಳವಾಡಬಹುದಿತ್ತು. ಸುಮ್ಮನಿದ್ದರೆ ಪೆಟ್ಟಿಗೆಗಳು ಕಾಲೇಜುಗಳ ಬೀದಿಗೆ ಹೋಗುತ್ತವೆ, ಸಿಳ್ಳೆ ಹಾಕುತ್ತವೆ, ವಾಪಸು ಬರುತ್ತವೆ. ಆ ಬೀದಿಯಲ್ಲಿ ಈ ಮನೆಯ ಹೆಸರು ಹುಟ್ಟುವ ಮೊದಲೇ ಸಾಯುತ್ತದೆ. ಬಾಯಿ ಬಿಟ್ಟರೆ? ಹಳೆಯ ಆಫೀಸಿನಲ್ಲಿ ಮೇಲಿನವನ ತಪ್ಪನ್ನು ಎತ್ತಿ ತೋರಿಸಿದ್ದಕ್ಕೆ ಅವಳನ್ನು ಸ್ಕ್ರೂ ಎಣಿಸುವ ಕೆಲಸಕ್ಕೆ ತಳ್ಳಿದ್ದರು. ಆದರೆ ಆ ಮೇಲಿನವನ ಮುಖವನ್ನು ಸಂಜೆಯಾದರೆ ಮರೆಯಬಹುದಿತ್ತು. ಈ ಮೇಲಿನವರು ರಾತ್ರಿ ಊಟಕ್ಕೂ ಎದುರಿಗೇ ಕೂರುತ್ತಾರೆ.

"ಕೇಳೋಕೆ ಒಂದೇ ಅಲ್ಲ ಮಾವ. ನಿಮ್ಮದು ಸಿಳ್ಳೆ ಹಾಕುತ್ತೆ."

"ಯಾವಾಗ?"

"ಈಗ್ಲೂ ಹಾಕ್ತಿದೆ."

ಮಾವ ಬಗ್ಗಿ ಪೆಟ್ಟಿಗೆಗೆ ಕಿವಿ ಹಚ್ಚಿದರು. ಬಲಗಿವಿ, ಆಮೇಲೆ ಎಡಗಿವಿ. ಎದ್ದು ಅವಳ ಮುಖ ನೋಡಿದರು.

"ಇಲ್ವಲ್ಲ."

ಈ ಗಳಿಗೆಗೆಂದು ಅವಳು ಮೆತ್ತನೆಯ ಮಾತೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದಳು. ಬೇಕಾದಾಗ ಅದು ಬಾಯಿಗೆ ಬರಲಿಲ್ಲ. "ನಿಮಗೆ ಕೇಳಲ್ಲ. ವಯಸ್ಸಾದ್ರೆ ತೀರ ಸಣ್ಣ ಕೀರಲು ದನಿಗಳು ಕೇಳದೆ ಹೋಗುತ್ವೆ. ನಿಮಗೆ ಹೋಗಿವೆ," ಎಂದುಬಿಟ್ಟಳು.

ಮಾವನ ಮುಖ ಗಂಟಾಯಿತು. ಅವರು ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಅತ್ತೆ ಒದ್ದೆ ಕೈ ಒರೆಸುತ್ತ ಬಂದು, ವಿಷಯ ಕೇಳಿ, ಪೆಟ್ಟಿಗೆಯತ್ತ ತಲೆ ವಾಲಿಸಿದರು. ಈಗೇನೂ ಕೇಳುತ್ತಿಲ್ಲ ಎಂದರು. ಮಾವನ ಮುಖ ಅರ್ಧ ಸಡಿಲಾಯಿತು. ಆದರೆ ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ.

"ಮುಂಚೆ ಕೇಳ್ತಿತ್ತು. ಹೇಳಿದ್ರೆ, ಅದು ನಿನ್ನ ತಲೆಯೊಳಗಿನ ಸದ್ದು ಅಂದ್ರಿ. ಆಮೇಲೆ ನಿಂತುಹೋಯ್ತು. ನೀವು ಸರಿ ಮಾಡಿದ್ರಿ ಅಂದ್ಕೊಂಡೆ."

"ನಾನೇನೂ ಮಾಡಿಲ್ಲ," ಎಂದರು ಮಾವ, ನಿಧಾನವಾಗಿ.

"ಹಾಗಾದ್ರೆ ನಂದೂ ಹೋಯ್ತು ಅನ್ನಿ," ಎಂದು ಅತ್ತೆ ಒಲೆಯ ಮೇಲಿನದು ಸೀಯುತ್ತದೆಂದು ಒಳಗೆ ಹೋದರು. ಅಂಥ ಸುದ್ದಿಯನ್ನು ಅಷ್ಟು ಹಗುರವಾಗಿ ಎತ್ತಿಕೊಂಡು ಹೋದವರನ್ನು ಸೊಸೆ ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಮಗನ ಸರದಿ. ಅವನು ಬಾಗಿಲಲ್ಲೇ ನಿಂತು, ಪೆಟ್ಟಿಗೆಯ ಕಡೆ ನೋಡದೆ, ಸ್ವಲ್ಪ ಕೇಳುತ್ತದೆ ಎಂದ. ಎಷ್ಟು ದಿನದಿಂದ ಎಂದರೆ, ಮೊದಲಿಂದಲೂ ಎಂದ. ಮಾವ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ. "ಹೋಗಿ ಪ್ಯಾಕ್ ಮಾಡಿಟ್ಟ ಹಳೇ ಪೆಟ್ಟಿಗೆಗಳನ್ನೆಲ್ಲ ಬಿಚ್ಚು," ಎಂದಷ್ಟೇ ಹೇಳಿದರು.

ಸೊಸೆಯನ್ನೂ ಅವರು ಸುಮ್ಮನೆ ನಂಬಿಬಿಡಲಿಲ್ಲ. ಗೋಡೆಗೆ ಮುಖ ಮಾಡಿ ಕೂರಲು ಹೇಳಿ, ಎರಡೂ ಪೆಟ್ಟಿಗೆಗಳನ್ನು ಒಂದು ಸ್ವಿಚ್ಚಿಗೆ ಜೋಡಿಸಿ, ತಮಗೆ ತೋಚಿದ್ದನ್ನು ಹಚ್ಚುತ್ತ ಹೋದರು. ಎರಡನೆಯದು, ಮೂರನೆಯದು, ಮತ್ತೆ ಮೂರನೆಯದು ಎಂದು ಅವಳು ಗೋಡೆಗೇ ಹೇಳಿದಳು. ಒಮ್ಮೆ ಎರಡನ್ನೂ ಆರಿಸಿ ಸುಮ್ಮನೆ ಕೂತರು. ಅವಳು ಬಹಳ ಹೊತ್ತು ಕಾದು, "ಈಗ ಮೂರನೇದೋ ಇಲ್ಲ ಏನೂ ಇಲ್ವೋ, ನನಗೆ ವ್ಯತ್ಯಾಸ ಗೊತ್ತಾಗಲ್ಲ," ಎಂದಳು. ಬೆನ್ನ ಹಿಂದೆ ಮಾವ ಉಸಿರು ಬಿಟ್ಟದ್ದು ಕೇಳಿಸಿತು. ಅವರನ್ನು ಒಪ್ಪಿಸಿದ್ದು ಆ ಉತ್ತರವೇ.

ಈಗ ಬೈಗುಳ ಬರುತ್ತದೆ, ಇಲ್ಲವೇ ವಾರಗಟ್ಟಲೆ ಮೌನ ಬರುತ್ತದೆ ಎಂದು ಅವಳು ತಿರುಗಿ ಕೂತಳು. ಮಾವ ಎರಡನೇ ಬೋರ್ಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದರು. ಒಂದು ಪೆನ್ಸಿಲ್ಲನ್ನು ತಿರುಗಿಸಿ ಹಿಡಿದು, ಅದರ ರಬ್ಬರಿನ ತುದಿಯನ್ನು ಬೋರ್ಡಿನ ಒಂದೊಂದೇ ಭಾಗದ ಮೇಲೆ ಒತ್ತತೊಡಗಿದರು.

"ಈಗ?"

"ಇದೆ."

"ಈಗ?"

"ಇದೆ."

ಕರೆಂಟು ಒಳಗೆ ಬರುವ ಮೂಲೆಯಲ್ಲಿ, ಬಟಾಣಿಗಿಂತ ಸ್ವಲ್ಪ ದೊಡ್ಡದಾದ ತಾಮ್ರದ ಸುರುಳಿಯೊಂದಿತ್ತು. ಪೆನ್ಸಿಲ್ ಅದರ ಮೇಲೆ ಕೂತಿತು.

"ನಿಂತಿತು ಮಾವ."

ಅವರು ಪೆನ್ಸಿಲ್ ಎತ್ತಿದರು. ಬಂತು ಎಂದಳು. ಒತ್ತಿದರು. ಹೋಯಿತು ಎಂದಳು. ತಮಗೆ ಕೇಳದ ಸದ್ದನ್ನು ಅವರು ಅವಳ ಮುಖದಲ್ಲಿ ಓದುತ್ತಿದ್ದರು. ಅವಳಿಗೆ ಕಾರಣ ಗೊತ್ತಿಲ್ಲದ ಸದ್ದಿನ ಬುಡ ಅವರ ಕೈಗೆ ಸಿಕ್ಕಿತ್ತು. ತಂತಿಯ ಸುತ್ತುಗಳು ಸಡಿಲವಾಗಿ ನಡುಗುತ್ತಿವೆ, ಅಷ್ಟೆ, ಎಂದು ಅವರು ವಿವರಿಸಿದರು. ಒಂದು ತೊಟ್ಟು ಅಂಟು ಹಾಕಿದರೆ ಇವತ್ತೇ ಬಾಯಿ ಮುಚ್ಚಿಸಬಹುದು. ಆದರೆ ಬಿಸಿಗೆ ಅಂಟು ಒಂದಲ್ಲ ಒಂದು ದಿನ ಬಿರಿಯುತ್ತದೆ. ಸೊಸೆಯ ಬೋರ್ಡಿನಲ್ಲಿದ್ದುದು ತಂತಿ ಅಲುಗದಂತೆ ಮೈತುಂಬ ಅಚ್ಚು ಹೊಯ್ದ ಗಟ್ಟಿ ಸುರುಳಿ. ಅದನ್ನು ಯಾಕೆ ಆರಿಸಿದೆ ಎಂದು ಮಾವ ಕೇಳಿದರು. ಜಾಗ ಉಳಿಯುತ್ತದೆಂದು ಆರಿಸಿದೆ, ಸದ್ದಿನ ಯೋಚನೆಯೇ ಇರಲಿಲ್ಲ ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾವ ನಕ್ಕರು. ಆ ದಿನದ ಮೊದಲ ನಗು.

ಆಮೇಲಿನ ಮಾತಿನಲ್ಲಿ ಅವರು ಯಾರ ಮುಲಾಜನ್ನೂ ಇಟ್ಟುಕೊಳ್ಳಲಿಲ್ಲ. ಅವಳ ಬೋರ್ಡಿನಲ್ಲಿ ಆ ಸುರುಳಿಯೊಂದೇ ಕೆಲಸದ್ದು, ಉಳಿದ ಬದಲಾವಣೆಗಳೆಲ್ಲ ದಂಡ. ಹಳೆಯ ಬೋರ್ಡಿಗೇ ಹೊಸ ಸುರುಳಿ ಕೂರಿಸಿದರೆ ಮುಗಿಯಿತು. ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿ ಗೀಚಿದ ಬೋರ್ಡು ಒಂದು ಸುರುಳಿಯಷ್ಟಕ್ಕೆ ಇಳಿದದ್ದು ಅವಳಿಗೆ ಚುಚ್ಚಿತು. ಚುಚ್ಚಿದರೂ, ತನ್ನ ಬಾಯಿಗೆ ಸೇಡಾಗಿ ಮಾವ ಅದನ್ನು ಹೇಳುತ್ತಿಲ್ಲ ಎಂಬುದು ಅವಳಿಗೆ ಸ್ಪಷ್ಟವಿತ್ತು. ಹಳೆಯ ಆಫೀಸಿನವನು ಹೀಗಿದ್ದಿದ್ದರೆ ಅವಳು ಅಲ್ಲೇ ಇರುತ್ತಿದ್ದಳು. ಹೀಗಿರದಿದ್ದದ್ದೇ ಒಳ್ಳೆಯದಾಯಿತು ಎಂದು ಆ ಕ್ಷಣ ಅನಿಸಿತು.

"ಒಂದು ಮಾತಿಗೆ ಮಾತ್ರ ನಿನ್ನ ಮೇಲೆ ಸಿಟ್ಟಿದೆ," ಎಂದರು ಮಾವ. "ಎರಡು ವಾರ ಯಾಕೆ ಹೇಳ್ಲಿಲ್ಲ?"

"ಹೆದರಿಕೆ."

"ನನಗಾ?"

"ನಿಮಗಲ್ಲ. ನಿಮಗೆ ಬೇಜಾರಾಗುತ್ತೆ ಅಂತ."

"ಬೇಜಾರಾಯ್ತು," ಎಂದರು ಅವರು. "ಆಗದೆ ಇರುತ್ತಾ? ಆದ್ರೂ ನೀನು ಹೇಳಿದೆ ನೋಡು. ನನ್ನ ಕಿವಿ ಹೋಗಿದೆ ಅಂತ ಈ ಮನೇಲಿ ಬೇರೆ ಯಾರೂ ಹೇಳ್ಲಿಲ್ಲ." ಅವಳು ತಲೆ ತಗ್ಗಿಸಿ, ಬೆಂಚಿನ ಮೇಲೆ ಬಿದ್ದಿದ್ದ ಬೆಸುಗೆಯ ಸೀಸದ ಚೂರುಗಳನ್ನು ಸುಮ್ಮನೆ ಒಟ್ಟುಗೂಡಿಸಿದಳು.

ಸಂಜೆ ಅಂಗಡಿಯವನ ಫೋನ್ ಬಂತು. ಮಾಲು ತಡವಾಗುತ್ತದೆ ಎಂದು ಮಾವ ಹೇಳಿದ್ದಕ್ಕೆ ಆ ಕಡೆಯವನು, ಅಯ್ಯೋ ತಡ ಯಾಕೆ, ನೀವೊಂದು ಸಲ ಕೇಳಿ ಸರಿ ಅಂದರೆ ಸಾಕು, ನಿಮ್ಮ ಕಿವಿಯ ಮೇಲೆ ತಾನೇ ನಾವೆಲ್ಲ ವ್ಯಾಪಾರ ಮಾಡುವುದು ಎಂದ. ಫೋನು ಸ್ಪೀಕರಿನಲ್ಲಿತ್ತು. ಬಾಗಿಲು ದಾಟುತ್ತಿದ್ದ ಸೊಸೆ ಅಲ್ಲೇ ನಿಂತಳು. ಹೂಂ ಎಂದು ಮಾತು ತೇಲಿಸಿಬಿಡಲು ಮಾವನಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ.

"ನನ್ನ ಕಿವೀನ ನಂಬ್ಕೊಬೇಡಿ," ಎಂದರು ಮಾವ. "ಇದರಲ್ಲಿ ಒಂದು ಸಣ್ಣ ಸಿಳ್ಳೆ ಇದೆ, ನನಗೆ ಕೇಳಲ್ಲ. ನಮ್ಮ ಸೊಸೆಗೆ ಕೇಳುತ್ತೆ. ಅವಳು ಸರಿ ಅಂದ್ಮೇಲೆ ಕಳಿಸ್ತೀನಿ."

ಅಂಗಡಿಯವನು, ಹಾಗಾದರೆ ಅವರನ್ನೇ ಕೇಳಿ ತಾರೀಖು ಹೇಳಿ ಎಂದ. ಮಾವ ಫೋನನ್ನು ಸೊಸೆಯ ಕೈಗೆ ಕೊಟ್ಟರು.

ಹೊಸ ಸುರುಳಿ ಕೂರಿಸಿದ ಮೊದಲ ಬೋರ್ಡು ಮಾರನೆಯ ಮಧ್ಯಾಹ್ನ ತಯಾರಾಯಿತು. ಸೆಕೆ ಮೈ ಸುಡುತ್ತಿತ್ತು. ಸೊಸೆ ಪೆಟ್ಟಿಗೆಯ ಮೇಲೆ ಬಗ್ಗಿದಾಗ ಮಾವ ಎದ್ದು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಅಡುಗೆಮನೆಯ ಕಡೆ ಕೈ ಮಾಡಿ ಪಾತ್ರೆಯ ಸದ್ದು ನಿಲ್ಲಿಸಿದರು. ಆಮೇಲೆ ತಮ್ಮ ಕುರ್ಚಿಯಲ್ಲಿ ಕೂತು, ಹಣೆಯಿಂದ ಇಳಿಯುವ ಬೆವರನ್ನೂ ಒರೆಸಿಕೊಳ್ಳದೆ, ಅವಳು ತಲೆ ಎತ್ತುವುದನ್ನೇ ಕಾಯುತ್ತಿದ್ದರು.