ಎದ್ದು ನಿಂತ ತರಗತಿ

"ನಮಸ್ಕಾರ, ಮಕ್ಕಳೇ" ಎಂದು ಅಷ್ಟೂ ಟ್ಯಾಬುಗಳು ಒಂದೇ ದನಿಯಲ್ಲಿ ಹೇಳಿದ್ದೇ ತಡ, ಐದನೇ ತರಗತಿಯ ಮಕ್ಕಳೆಲ್ಲ ದಡಬಡನೆ ಎದ್ದು ಡೆಸ್ಕಿನ ಪಕ್ಕ ನಿಂತರು.

ಹಿಂದಿನ ಗೋಡೆಗೆ ಒರಗಿದ್ದ ಜೋಲ್ದೋಶ್‌ನ ಎದೆ ಧಸಕ್ಕೆಂದಿತು.

ಆ ದನಿ ಅವನದೇ. ರಾಜಧಾನಿ ಬಿಶ್ಕೆಕ್‌ನಲ್ಲಿ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಯಲ್ಲಿ ಒಬ್ಬನೇ ಕೂತು ಇಡೀ ಚಳಿಗಾಲ ಹೇಳಿ ಟ್ಯಾಬಿಗೆ ತುಂಬಿಸಿದ ಗಣಿತದ ಪಾಠಗಳು. ಹನ್ನೆರಡು ವರ್ಷ ಮೇಷ್ಟ್ರಾಗಿದ್ದವನ ನಾಲಿಗೆ ಮೈಕಿನ ಮುಂದೆಯೂ ತರಗತಿಗೆ ಕಾಲಿಟ್ಟಂತೆಯೇ ನಮಸ್ಕಾರ ಹೇಳಿತ್ತು. ಅದರ ಬೆನ್ನಿಗೇ ಇನ್ನೊಂದು ಮಾತು ಬರಬೇಕಿತ್ತು: ಕೂತುಕೊಳ್ಳಿ. ಆ ಕೋಣೆಯಲ್ಲಿ ನಿಂತವರು ಯಾರೂ ಇರಲಿಲ್ಲ. ಅವನು ಹೇಳಲಿಲ್ಲ. ಆಮೇಲೆ ನಗರದ ಮಕ್ಕಳ ಕೈಗೆ ಕೊಟ್ಟು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದರು. ಆ ಮಕ್ಕಳು ರತ್ನಗಂಬಳಿಯ ಮೇಲೆ ಬೋರಲು ಬಿದ್ದು ಪಾಠ ಕೇಳಿದವರು. ಒಂದೂ ಏಳಲಿಲ್ಲ, ತಪ್ಪೂ ಸಿಗಲಿಲ್ಲ.

ನಾರಿನ್ ನದಿಯ ಮೇಲ್ದಂಡೆಯ ಈ ಊರಲ್ಲಿ ಹಾಗಲ್ಲ. ಮೇಷ್ಟ್ರು ನಮಸ್ಕಾರ ಹೇಳಿದರೆ ಏಳಬೇಕು, ಕೂರಿ ಅಂದ ಮೇಲೆ ಕೂರಬೇಕು. ಮಕ್ಕಳು ಆ ಮಾತಿಗಾಗಿ ಕಾದರು. ಟ್ಯಾಬು ಮಾತ್ರ ಭಿನ್ನರಾಶಿಗೆ ಇಳಿದುಬಿಟ್ಟಿತು.

ಗೋಡೆಯ ಬದಿಗೆ ಸಾಲಾಗಿ ಕುರ್ಚಿ ಹಾಕಿಕೊಂಡು ಆಯ್ಕೆ ಸಮಿತಿ ಕೂತಿತ್ತು. ನಡುವೆ ಜಿಲ್ಲೆಯ ವಿದ್ಯಾಧಿಕಾರಿ ತೊಕ್ತೋರ್, ಅವನ ಎಡಬಲಕ್ಕೆ ಎತ್ತರದ ಬಿಳಿ ಟೋಪಿಯ ನಾಲ್ಕಾರು ಊರ ಹಿರಿಯರು. ಜಿಲ್ಲೆಯ ಶಾಲೆಗಳಿಗೆಲ್ಲ ಯಾವ ಟ್ಯಾಬು ಎಂದು ಇವತ್ತು ಇಲ್ಲೇ ತೀರ್ಮಾನ. ಕಣದಲ್ಲಿ ಉಳಿದದ್ದು ಎರಡೇ: ಹೊರದೇಶದ ದೊಡ್ಡ ಕಂಪನಿಯದೊಂದು, ಜೋಲ್ದೋಶ್ ಕೆಲಸ ಮಾಡುವ ಪುಟ್ಟ ಕಂಪನಿಯ 'ಕುಂಗೋಯ್' ಇನ್ನೊಂದು. ಕುಂಗೋಯ್ ಅಗ್ಗದ ಮಾಲು. ಪ್ಲಾಸ್ಟಿಕ್ಕಿನ ಬೆನ್ನು, ಹಿಡಿದರೆ ಇಟ್ಟಿಗೆಯ ಭಾರ. ಇವತ್ತು ಸೋತರೆ ಕಂಪನಿಗೆ ಬೀಗ. ಜೋಲ್ದೋಶ್‌ನ ಚಳಿಗಾಲವೆಲ್ಲ ಕಸದ ಬುಟ್ಟಿಗೆ.

ಪರೀಕ್ಷೆಗೆ ತೊಕ್ತೋರ್ ಹಾಕಿದ್ದ ಷರತ್ತು ಒಂದೇ. ಪಾಠ ನಡೆಯುವಾಗ ದೊಡ್ಡವರು ಯಾರೂ ಮಕ್ಕಳಿಗೆ ಒಂದು ಮಾತೂ ಹೇಳಕೂಡದು. ಹೇಳಿದರೆ ಆ ಕಂಪನಿ ಹೊರಗೆ. ಅವನು ಹೇಳುವುದರಲ್ಲೂ ನ್ಯಾಯವಿತ್ತು. ಅರ್ಧಕ್ಕರ್ಧ ಶಾಲೆಗಳಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲ, ತರಗತಿಯನ್ನು ಯಂತ್ರ ತಾನೇ ಸಂಭಾಳಿಸಬೇಕು. ಪರೀಕ್ಷೆಗೆ ಅಡ್ಡಿಯಾಗದಿರಲಿ ಎಂದು ಇವತ್ತು ಗಂಟೆ ಹೊಡೆಯುವುದನ್ನೂ ನಿಲ್ಲಿಸಿದ್ದರು.

ಒಂದೇ ಒಂದು ಮಾತು. ಹೇಳಿದರೆ ಮಕ್ಕಳು ಕೂರುತ್ತಾರೆ, ಕಂಪನಿ ಮುಳುಗುತ್ತದೆ. ಜೋಲ್ದೋಶ್ ತುಟಿ ಕಚ್ಚಿಕೊಂಡು ನಿಂತ.

ಪಕ್ಕದಲ್ಲಿ ಬುರುಲ್ ಎಜೆ ಇದ್ದಳು. ಶಾಲೆಯ ಮುಖ್ಯೋಪಾಧ್ಯಾಯಿನಿ, ಇಡೀ ಊರಿಗೆ ಎಜೆ, ಅಂದರೆ ಅಕ್ಕ. ಜೋಲ್ದೋಶ್‌ನಿಗೆ ಬೋರ್ಡಿನ ಮೇಲೆ ನೆಟ್ಟಗೆ ಬರೆಯಲು ಕಲಿಸಿದವಳೂ ಅವಳೇ. ಅವನು ಪಾಠ ಮಾಡಿದ್ದು ಇದೇ ಶಾಲೆಯಲ್ಲಿ, ಇದೇ ಕೋಣೆಯಲ್ಲಿ. ನಾಲ್ಕು ವರ್ಷದ ಹಿಂದೆ, ಅರ್ಧ ವರ್ಷದ ಪಾಠ ಬಾಕಿಯಿರುವಾಗಲೇ, ಕಂಪನಿ ಕರೆಯಿತೆಂದು ಗಂಟುಮೂಟೆ ಕಟ್ಟಿದ್ದ. ಅವನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆಟದ ಮೇಷ್ಟ್ರು ಸೀಟಿ ಕೊರಳಿಗೆ ಹಾಕಿಕೊಂಡೇ ಗಣಿತ ಮಾಡುತ್ತಾನಂತೆ. ಬುರುಲ್ ಎಜೆ ಒಂದು ದಿನವೂ ದೂರಲಿಲ್ಲ, ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ಇವತ್ತು ಬೆಳಿಗ್ಗೆ ಗೇಟಿನಲ್ಲಿ ಎದುರುಗೊಂಡು "ಬನ್ನಿ, ಪ್ರಯಾಣ ಸುಖವಾಯ್ತಾ?" ಎಂದಿದ್ದಳು. ಮೊದಲೆಲ್ಲ ಅವನು ಅವಳಿಗೆ 'ನೀನು'.

ಅವನಿಗೆ ಬೇಕಿದ್ದದ್ದು ಜಿಲ್ಲೆಯ ಒಪ್ಪಿಗೆಯಲ್ಲ, ಅವಳದು. ನೀನು ಬಿಟ್ಟು ಹೋಗಲಿಲ್ಲ ಕಣೋ, ಒಂದು ಶಾಲೆ ಬಿಟ್ಟು ನೂರು ಶಾಲೆಗೆ ಬಂದೆ ಎಂದು ಅವಳ ಬಾಯಿಂದ ಬರಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನು ಅವಳ ಪರವಾಗಿ ತಾನೇ ಆಡಿಕೊಂಡು ಬಂದಿದ್ದ.

"ಕೂರಿಸಲ್ವಾ?" ಬುರುಲ್ ಎಜೆ ಮೆಲ್ಲಗೆ ಕೇಳಿದಳು.

"ಈಗ ಬೇಡ ಎಜೆ."

"ಪಾಠ ಉದ್ದ ಇದೆ."

"ಮುಗೀಲಿ. ಮುಗಿದ ತಕ್ಷಣ ನಾನೇ ಕೂರಿಸ್ತೀನಿ."

ಅವಳು ಮಕ್ಕಳ ಕಾಲುಗಳ ಕಡೆ ನೋಡಿದಳು.

ಆಗಲೇ ಜೋಲ್ದೋಶ್ ಸಮಿತಿಯ ಕಡೆ ನೋಡಿದ್ದು. ನಗುತ್ತಿರಬಹುದು ಎಂದುಕೊಂಡಿದ್ದ. ಅವರು ನಗುತ್ತಿರಲಿಲ್ಲ. ತೊಕ್ತೋರ್ ಕುರ್ಚಿಯ ತುದಿಗೆ ಸರಿದು ಕೂತಿದ್ದ. ಅವನ ಪಕ್ಕದ ಮುದುಕ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ.

ಮುದುಕನ ಕಣ್ಣಲ್ಲಿ ನೀರು ಯಾಕೆ ಬಂತು ಎಂದು ತಿಳಿಯಬೇಕಾದರೆ ಬೆಳಗಿನ ಪಾಠ ನೆನೆಯಬೇಕು. ಮೊದಲ ಸರದಿ ದೊಡ್ಡ ಕಂಪನಿಯದಾಗಿತ್ತು. ಅದರ ಪರವಾಗಿ ನೆರೆದೇಶದ ಅಲ್ಮಾಟಿಯಿಂದ ಬಂದಿದ್ದವನು ದೌಲೆತ್ ಎಂಬ ಹುಡುಗುಮುಖದ ಕಜಾಕ್. ಒಳ್ಳೆ ಸೂಟು, ಒಳ್ಳೆ ನಗು. ಅವನ ಟ್ಯಾಬಾದರೋ ಕನ್ನಡಿಯ ಚೂರಿನಷ್ಟು ತೆಳ್ಳಗೆ. ತೆರೆದರೆ ಹಿಮಚಿರತೆಯೊಂದು ಲಾಗ ಹಾಕಿ ಬಂದು "ಏನ್ರಪ್ಪಾ ದೋಸ್ತ್‌ಗಳಾ!" ಎಂದು ಕಣ್ಣು ಹೊಡೆಯಿತು. ಮಕ್ಕಳು ಕಿಸಕ್ಕೆಂದರು. ಅದರ ಬಾಲ ಮುಟ್ಟಿದರೆ ಕುಣಿಯುತ್ತದೆ ಎಂದು ಯಾರೋ ಕಂಡುಹಿಡಿದರು. ಆಮೇಲೆ ಪಾಠ ಯಾರಿಗೆ ಬೇಕು. ಕೋಣೆ ಸಂತೆಯಾಯಿತು. ದೌಲೆತ್ ಬಾಯಿ ಬಿಡುವಂತಿಲ್ಲ, ಬೆವರೊರೆಸುತ್ತ ನಿಂತ. ಹಿರಿಯರು ಮುಖ ಸಿಂಡರಿಸಿಕೊಂಡು ಕಿಟಕಿಯಾಚೆಯ ಬೆಟ್ಟ ನೋಡತೊಡಗಿದರು.

ಅದೇ ಮಕ್ಕಳು ಈಗ ಉಸಿರು ಬಿಗಿಹಿಡಿದು ನಿಂತಿದ್ದಾರೆ. ನೆಟ್ಟಗೆ, ಸಾಲಾಗಿ, ಕೈ ಪಕ್ಕಕ್ಕೆ ಬಿಟ್ಟುಕೊಂಡು. ಅದೂ ಡೆಸ್ಕಿನ ಮೇಲೆ ಒರಗಿಸಿಟ್ಟ ಪ್ಲಾಸ್ಟಿಕ್ ಹಲಗೆಯ ಮುಂದೆ. ಅದು ಪ್ರಶ್ನೆ ಕೇಳಿದರೆ ಬಗ್ಗಿ ಬೆರಳಿನಿಂದ ಉತ್ತರ ಒತ್ತಿ ಮತ್ತೆ ನೆಟ್ಟಗಾಗುತ್ತಿದ್ದರು. ಆಟದ ಮೇಷ್ಟ್ರಿಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು. ಉತ್ತರಗಳೋ, ಒಂದಾದ ಮೇಲೊಂದು ಸರಿ. ಕೂತರೆ ಪಕ್ಕದವನ ಜೊತೆ ಗುಸುಗುಸು. ನಿಂತವನಿಗೆ ಎದುರಿಗಿರುವುದು ಪಾಠವೊಂದೇ.

ಜೋಲ್ದೋಶ್‌ನ ಎದೆಯಲ್ಲಿ ಸಣ್ಣಗೆ ಏನೋ ಅರಳಿತು. ತನ್ನ ತಪ್ಪು ಗೆಲ್ಲುತ್ತಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವನು ಒರಗಿದ್ದ ಗೋಡೆ ಬಿಟ್ಟು ಎದೆ ಮುಂದೆ ಮಾಡಿ ನಿಂತ.

ತೊಕ್ತೋರ್ ಪಾಠ ಮುಗಿಯುವ ತನಕವೂ ಕಾಯಲಿಲ್ಲ. ಎದ್ದ, ಹಿರಿಯರೂ ಎದ್ದರು. ಎಲ್ಲರನ್ನೂ ಪಡಸಾಲೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ, ಜೋಲ್ದೋಶ್‌ನ ಎರಡೂ ಕೈ ಹಿಡಿದುಕೊಂಡ.

"ಮೇಷ್ಟ್ರೇ, ನನ್ನ ಮಗ ನಾನು ಮನೆಗೆ ಬಂದ್ರೆ ತಲೆ ಎತ್ತಲ್ಲ. ಈ ಮಕ್ಕಳು ಒಂದು ದನಿಗೆ ಎದ್ದು ನಿಂತ್ವಲ್ಲ. ಬರೀ ದನಿಗೆ."

ಕಣ್ಣೊರೆಸಿಕೊಂಡಿದ್ದ ಮುದುಕ, ಯಂತ್ರ ಬಂದು ಮಕ್ಕಳನ್ನ ಕೆಡಿಸಿತು ಅಂತಿದ್ವಿ, ಇದು ತಿದ್ದೋ ಯಂತ್ರ ಕಣಪ್ಪಾ ಎಂದ. ಇನ್ನೊಬ್ಬ ತಮ್ಮ ಕಾಲದ ಶಾಲೆ ಮರಳಿ ಬಂತು ಎಂದ. ಅಲ್ಲೇ ನಿಂತಲ್ಲೇ ತೀರ್ಮಾನವಾಯಿತು. ಜಿಲ್ಲೆಯ ಅಷ್ಟೂ ಶಾಲೆಗೂ ಕುಂಗೋಯ್. ಮೊದಲ ಕಂತು ಇವತ್ತಿನಿಂದಲೇ ಈ ಶಾಲೆಗೆ. ಮಕ್ಕಳ ಕೈಯಲ್ಲಿರುವುದನ್ನು ಯಾರೂ ಕಿತ್ತುಕೊಳ್ಳಬೇಡಿ ಎಂದು ತೊಕ್ತೋರ್ ಅಪ್ಪಣೆ ಮಾಡಿದ.

ಗೆದ್ದರು! ಸಮುದ್ರದಾಚೆಯ ಆನೆಯಂಥ ಕಂಪನಿಯನ್ನು, ಬಿಶ್ಕೆಕ್‌ನ ಹಿತ್ತಿಲ ಶೆಡ್ಡಿನಲ್ಲಿ ಸ್ಕ್ರೂ ಬಿಗಿದ ಇಟ್ಟಿಗೆ ಮಣ್ಣು ಮುಕ್ಕಿಸಿತ್ತು. ಫೋನಿನಲ್ಲಿ ಕಂಪನಿಯ ಯಜಮಾನ ಮೆದೇರ್‌ಗೆ ಜೋಲ್ದೋಶ್ ಸುದ್ದಿ ಮುಟ್ಟಿಸಿದ. ಆ ಕಡೆಯಿಂದ ಮೂಗು ಸೊರಗುಟ್ಟುವುದು ಕೇಳಿಸಿತು. ಹಿಂದೆ ಯಾರೋ ಹೆಂಗಸು ಕೇಕೆ ಹಾಕಿದಳು, ಲೋಹದ ತಟ್ಟೆ ಬಡಿದ ಸದ್ದಾಯಿತು. ಶೆಡ್ಡಿನಲ್ಲಿ ಕುಣಿತ ಶುರುವಾಗಿರಬೇಕು. ಜೋಲ್ದೋಶ್ ಕೂಡ ನಕ್ಕ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು, ದವಡೆ ನೋವಾಯಿತು.

ದೌಲೆತ್ ಬಂದು ಕೈ ಕುಲುಕಿದ. ಸೋತವನ ಮುಖದಲ್ಲಿ ಕಹಿಯಿರಲಿಲ್ಲ.

"ಒಪ್ಪಿದೆ ಬಾಯ್ಕೆ. ನಮ್ಮ ಚಿರತೆಗೆ ಯಾರೂ ಎದ್ದು ನಿಲ್ಲಲಿಲ್ಲ. ಏನು ಮಾಡಿದ್ರಿ ಒಳಗಡೆ?"

ಕಿರಿಯವರು ಅಣ್ಣನನ್ನು ಕರೆಯುವ ಹಾಗೆ ಬಾಯ್ಕೆ ಎಂದಿದ್ದ. ಜೋಲ್ದೋಶ್‌ನಿಗೆ ಹಿತವಾಯಿತು.

"ಏನಿಲ್ಲ" ಎಂದ. "ಒಂದು ಮಾತು ಕಮ್ಮಿ ಆಡಿದೆ."

ದೌಲೆತ್‌ನಿಗೆ ಅದು ದೊಡ್ಡ ವ್ಯಾಪಾರದ ಗುಟ್ಟಿನಂತೆ ಕೇಳಿಸಿತೇನೋ, ಗಂಭೀರವಾಗಿ ತಲೆಯಾಡಿಸಿದ.

ಊಟ ಬುರುಲ್ ಎಜೆಯ ಕೋಣೆಯಲ್ಲಿ. ಮೇಜುಗಳನ್ನು ಜೋಡಿಸಿ, ಗೆದ್ದವರು ಯಾರೇ ಆಗಲಿ ಎಂದು ಬೆಳಿಗ್ಗೆಯೇ ಕುರಿ ಕಡಿದಿದ್ದರು. ಹಿರಿಯರು ಜೋಲ್ದೋಶ್‌ನಿಗೆ ಬಂಗಾರದ ಕಸೂತಿಯ ನಿಲುವಂಗಿ ಹೊದಿಸಿದರು, ತಲೆಗೆ ಎತ್ತರದ ಬಿಳಿ ಟೋಪಿ ಇಟ್ಟರು, ಎಲ್ಲರೂ ಅಂಗೈ ಬಿಡಿಸಿ ಹರಸಿದರು. ಆಟದ ಮೇಷ್ಟ್ರು ಬಂದು ಅಪ್ಪಿಕೊಂಡ. ಇನ್ನು ಮೇಲೆ ನನಗೆ ಭಿನ್ನರಾಶಿಯಿಂದ ಬಿಡುಗಡೆ, ನಿಮ್ಮ ಹೆಸರಲ್ಲಿ ದಿನಾ ಹುಡುಗರನ್ನ ಎರಡು ಸುತ್ತು ಹೆಚ್ಚಿಗೆ ಓಡಿಸ್ತೀನಿ ಎಂದ. ಕೋಣೆಗೆ ಕೋಣೆಯೇ ನಕ್ಕಿತು. ಜೋಲ್ದೋಶ್‌ನಿಗೆ ಈ ಕ್ಷಣ ಇಲ್ಲೇ ನಿಲ್ಲಲಿ ಎನಿಸಿತು.

ಆಮೇಲೆ ಕುರಿಯ ತಲೆ ಬಂತು. ತಟ್ಟೆ ಮೇಜಿನ ಉದ್ದಕ್ಕೂ ಕೈಯಿಂದ ಕೈಗೆ ಸಾಗಿ, ಹಿರಿಯರನ್ನು ದಾಟಿ, ತೊಕ್ತೋರ್‌ನನ್ನೂ ದಾಟಿ, ಅವನ ಮುಂದೆ ನಿಂತಿತು. ಹನ್ನೆರಡು ವರ್ಷ ಇದೇ ಮೇಜಿನಲ್ಲಿ ಅವನ ಪಾಲಿಗೆ ಬರುತ್ತಿದ್ದದ್ದು ಪಕ್ಕೆಲುಬು, ಮನೆಯವನ ಪಾಲು. ತಲೆ ಕೊಡುವುದು ಹೊರಗಿನಿಂದ ಬಂದ ದೊಡ್ಡ ಅತಿಥಿಗೆ. ಅವನು ಚಾಕು ಹಿಡಿದು ಸುಮ್ಮನೆ ಕೂತ.

"ತಗೊಳ್ಳಿ" ಎಂದಳು ಬುರುಲ್ ಎಜೆ. "ನೀವು ಕೊಯ್ದ ಮೇಲೇ ಉಳಿದವರದ್ದು."

"ಎಜೆ." ಅವನು ಅವಳ ಕಡೆ ವಾಲಿದ. "ಇನ್ಮೇಲೆ ದಿನಾ ನಾನು ಇಲ್ಲೇ ಇರ್ತೀನಲ್ಲ. ಎಲ್ಲ ಶಾಲೇಲೂ."

"ಹೌದು. ಇರ್ತೀರಿ."

"ಬಿಟ್ಟು ಹೋದ ಅಂತ ಯಾರೂ ಅನ್ನಂಗಿಲ್ಲ ಈಗ."

"ಯಾರು ಅಂದ್ರು?"

ಅವನು ಕಾದ. ಬಸ್ಸಿನಲ್ಲಿ ಅವಳಿಗಾಗಿ ಕಟ್ಟಿಟ್ಟಿದ್ದ ಮಾತು ಇನ್ನೇನು ಬರುತ್ತದೆ ಎಂದು ಅವಳ ತುಟಿಯನ್ನೇ ನೋಡಿದ. ಅವಳು ಬ್ರೆಡ್ಡು ಮುರಿದು ಅವನ ಮುಂದಿಟ್ಟಳು.

"ಮಕ್ಕಳನ್ನ ಕೂರಿಸಿದ್ರಾ?" ಎಂದಳು.

ಚಾಕು ಅವನ ಕೈಯಲ್ಲೇ ಉಳಿಯಿತು. ಪಡಸಾಲೆ, ತೊಕ್ತೋರ್‌ನ ಕೈ, ಮೆದೇರ್‌ನ ಫೋನು, ನಿಲುವಂಗಿ. ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ಹುಡುಕಿದ. ಅದರಲ್ಲೆಲ್ಲೂ ಆ ಮಾತಿರಲಿಲ್ಲ.

"ಹೂಂ" ಎಂದ. "ಆಗಲೇ."

ಅವಳು ಅವನ ಮುಖ ನೋಡಿದಳು, ಚಹಾ ಬಗ್ಗಿಸಿದಳು. ಅವನು ಕೈ ತೊಳೆದು ಬರುತ್ತೇನೆಂದು ಗೊಣಗಿ ಎದ್ದ.

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಗಳಿಂದ ಇಳಿದು ನೆಲದ ಮೇಲೆ ಬಿದ್ದಿತ್ತು. ನಿಲುವಂಗಿ ಕಾಲಿಗೆ ತೊಡರುತ್ತಿತ್ತು, ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೇಗಬೇಗ ನಡೆದ. ಇಷ್ಟು ಹೊತ್ತಿಗೆ ಕೂತಿರುತ್ತಾರೆ, ಮಕ್ಕಳಲ್ಲವೇ, ಓಡಿಹೋಗಿರುತ್ತಾರೆ ಎಂದುಕೊಂಡ. ಐದನೇ ತರಗತಿಯ ಬಾಗಿಲಾಚೆಯಿಂದ ತನ್ನದೇ ದನಿ ಕೇಳಿತು. ಒಂದು ಪಾಠ ಮುಗಿದರೆ ಇನ್ನೊಂದು ತಾನಾಗಿ ತೆರೆದುಕೊಳ್ಳುವಂತೆ ಕುಂಗೋಯ್‌ಗೆ ಏರ್ಪಾಡು ಮಾಡಿದ್ದವನೂ ಅವನೇ. ಅದನ್ನು ಬೆಳಿಗ್ಗೆ ಸಮಿತಿಯ ಮುಂದೆ ಹೊಗಳಿಕೊಂಡಿದ್ದ.

ಬಾಗಿಲು ತಳ್ಳಿದ.

ನಿಂತಿದ್ದರು. ಹಿಂದಿನ ಸಾಲಿನವನೊಬ್ಬ ಡೆಸ್ಕಿಗೆ ಸೊಂಟ ಆನಿಸಿದ್ದ. ಒಬ್ಬಳು ಬೂಟಿನಿಂದ ಒಂದು ಕಾಲು ಹೊರಗೆ ತೆಗೆದು ಇನ್ನೊಂದರ ಮೇಲಿಟ್ಟಿದ್ದಳು. ಮುಂದಿನ ಸಾಲಿನವರು ನೆಟ್ಟಗೇ ಇದ್ದರು. ಯಾರೂ ತಿರುಗಲಿಲ್ಲ.

"ಇಲ್ಲಿವರೆಗೆ ಹೇಳಿದ್ದರಲ್ಲಿ ಏನಾದರೂ ಪ್ರಶ್ನೆ ಇದ್ದರೆ ಕೇಳಿ, ಮಕ್ಕಳೇ" ಎಂದವು ಟ್ಯಾಬುಗಳು.

ಇಲ್ಲಿ ಅವನು ಸ್ವಲ್ಪ ಜಾಗ ಬಿಟ್ಟಿದ್ದ. ಮಕ್ಕಳಿಗೆ ಯೋಚಿಸಲು ಬಿಡುವು ಬೇಕು ಎಂದು ಅವನೇ ಹಟ ಮಾಡಿ ಇಡಿಸಿದ ಮೌನ. ಸ್ಪಂಜಿನ ಕೋಣೆಯಲ್ಲಿ ಆ ಹೊತ್ತಿಗೆ ಅವನು ಒಂದು ಗುಟುಕು ನೀರು ಕುಡಿದಿದ್ದ.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಎತ್ತಿದ ಕೈಯನ್ನು ಟ್ಯಾಬಿಗೆ ಕಾಣಲೆಂದು ಸ್ವಲ್ಪ ಮುಂದಕ್ಕೆ ಚಾಚಿದಳು.

"ಮೇಷ್ಟ್ರೇ, ಕೂತ್ಕೋಬಹುದಾ?"

ಅಷ್ಟೂ ಮಕ್ಕಳು ತಂತಮ್ಮ ಪರದೆಯ ಮೇಲೆ ಬಗ್ಗಿ ಉತ್ತರಕ್ಕೆ ಕಾದರು. ಜೋಲ್ದೋಶ್ ಎತ್ತಿ ಹಿಡಿದಿದ್ದ ನಿಲುವಂಗಿಯನ್ನು ಬಿಟ್ಟ. ಇದ್ದ ಬಲವನ್ನೆಲ್ಲ ಒಟ್ಟುಮಾಡಿಕೊಂಡು "ಕೂತ್ಕೊಳ್ಳಿ ಮಕ್ಕಳೇ" ಎಂದ.

ಅದೇ ಹೊತ್ತಿಗೆ ಅಷ್ಟೂ ಡೆಸ್ಕುಗಳ ಮೇಲಿನ ಜೋಲ್ದೋಶ್ ಒಟ್ಟಿಗೆ ಬಾಯಿ ಬಿಟ್ಟ. "ಬಹಳ ಸಂತೋಷ. ಹಾಗಾದರೆ ಎಲ್ಲರಿಗೂ ಅರ್ಥವಾಗಿದೆ. ಮುಂದಕ್ಕೆ ಹೋಗೋಣ."

ಬಾಗಿಲ ಬಳಿಯ ಸದ್ದಿಗೆ ಹಿಂದಿನ ಸಾಲಿನ ಹುಡುಗನೊಬ್ಬನೇ ತಿರುಗಿದ. ಬಂಗಾರದ ಕಸೂತಿಯ ಅತಿಥಿಯನ್ನು ಕಂಡು, ಮರ್ಯಾದೆಯಿಂದಲೇ, ಮೇಷ್ಟ್ರು ಪಾಠ ಮಾಡ್ತಿದ್ದಾರೆ ಎಂಬಂತೆ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿಕೊಂಡು ಎಲ್ಲರಂತೆ ಮುಂದಿನ ಪುಟ ತೆರೆದ.