ಹುರುಳಿಕಾಯಿ ಹೆಚ್ಚುವ ಬೆಕ್ಕು

ಗೋಡೆಗೆ ಬರೆದ ನಾಯಿಯ ಕೈ ನಾಲ್ಕನೇ ಸಲವೂ ಕೈಗವಸು ತೊಟ್ಟ ಹಾಗೆಯೇ ಕಂಡಾಗ ಪೇಂಟರ್ ಬ್ರಷ್ಷನ್ನು ಥಿನ್ನರ್ ಡಬ್ಬಿಯಲ್ಲಿ ಅದ್ದಿಟ್ಟು ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಅದು ಪ್ರಾಣಿಗಳ ಆಸ್ಪತ್ರೆ. ಜನ ಕಾಯುವ ಕೋಣೆಯ ಗೋಡೆ. ಕೆಲಸ ಒಪ್ಪಿಸುವಾಗ ಡಾಕ್ಟರಮ್ಮ ಹೇಳಿದ್ದು ಇಷ್ಟೇ: "ಸಾಕಿದ ಪ್ರಾಣಿಗಳಿಗೆ ನಮ್ಮ ಹಾಗೇ ಕೈ ಇದ್ದಿದ್ರೆ ಮನೇಲಿ ಏನೇನು ಮಾಡ್ತಿದ್ವು, ಅದನ್ನ ಬರೀರಿ. ಸೂಜಿ ಕಂಡ್ರೆ ನಾಯಿಗಿಂತ ಮೊದಲು ಅದನ್ನ ಕರ್ಕೊಂಡು ಬಂದ ಮಕ್ಕಳು ಅಳ್ತಾವೆ. ಅವು ನಗಬೇಕು. ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಪ್ರಿಂಟ್ ಹಾಕಿಸ್ತೀನಿ."

ಪ್ರಿಂಟ್ ಅಂದರೆ ಪೇಂಟರ್‌ಗೆ ಆಗುತ್ತಿರಲಿಲ್ಲ. ಬೀದಿಯ ಬೋರ್ಡುಗಳನ್ನೆಲ್ಲ ಆ ಪ್ಲಾಸ್ಟಿಕ್ ಹಾಳೆ ನುಂಗಿ ನೀರು ಕುಡಿದಿತ್ತು. ಎಂಟು ತಿಂಗಳಲ್ಲಿ ಅವನಿಗೆ ಸಿಕ್ಕ ಮೊದಲ ಗೋಡೆ ಇದು. ಇದೂ ಕೈತಪ್ಪಿದರೆ ಚಿತ್ರ ಬರೆಯುವ ಬ್ರಷ್‌ಗಳನ್ನು ಅಟ್ಟಕ್ಕೆಸೆದು ಮನೆಗಳಿಗೆ ಬಣ್ಣ ಬಳಿಯುತ್ತ ಬದುಕಬೇಕು.

ತೊಂದರೆ ಇದ್ದದ್ದು ಅವನ ಅಭ್ಯಾಸದಲ್ಲಿ. ಕಣ್ಣೆದುರು ಇಲ್ಲದ್ದನ್ನು ಅವನು ಯಾವತ್ತೂ ಬರೆದವನಲ್ಲ. ಚಪ್ಪಲಿ ಅಂಗಡಿಯ ಬೋರ್ಡಿಗೆ ತನ್ನದೇ ಚಪ್ಪಲಿ ಬಿಚ್ಚಿ ಎದುರಿಗಿಟ್ಟುಕೊಂಡು ಬರೆದಿದ್ದ. ಸವೆದ ಹಿಮ್ಮಡಿಯೂ ಬೋರ್ಡಿಗೆ ಬಂದು ಅಂಗಡಿಯವನಿಂದ ಸರಿಯಾಗಿ ಉಗಿಸಿಕೊಂಡಿದ್ದ. ಈಗ ಕೈ ಇರುವ ನಾಯಿಯನ್ನು ಎಲ್ಲಿಂದ ತರುವುದು?

ಆ ಸಂಜೆ ಮನೆಗೆ ಹೋದರೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದ. ಒಂದು ಕಣ್ಣು ಮುಚ್ಚಿತ್ತು, ನಾಲಗೆ ಪಕ್ಕಕ್ಕೆ ಇಣುಕಿತ್ತು, ಹೆಗಲು ಕಿವಿಯವರೆಗೆ ಏರಿತ್ತು. ಪೇಂಟರ್ ಬಾಗಿಲಲ್ಲೇ ನಿಂತ.

"ಏನು ಭಾವ, ಇವತ್ತೇ ನೋಡ್ತಿರೋ ಹಾಗೆ ನೋಡ್ತಿದೀರಲ್ಲ?"

"ಅಲ್ಲಾಡ್ಬೇಡ."

"ನಾನೇನು ಪಾಸ್‌ಪೋರ್ಟ್ ಫೋಟೋಗೆ ಕೂತಿದೀನಾ?"

ಒಳಗೆ ಅತ್ತೆ ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ತಂಗಿಯ ಜೊತೆ ಮಾತಾಡುತ್ತ ಹುರುಳಿಕಾಯಿ ಹೆಚ್ಚುತ್ತಿದ್ದರು. ಕಣ್ಣು ಕಿಟಕಿಯ ಕಡೆ, ಚಾಕು ತನ್ನ ಪಾಡಿಗೆ. ಪೇಂಟರ್ ಹಳೇ ಬಿಲ್ಲಿನ ಹಿಂಬದಿಯಲ್ಲಿ ಇಬ್ಬರನ್ನೂ ಗೀಚಿಕೊಂಡ. ಗುಟ್ಟು ಕೈಯಲ್ಲಿರಲಿಲ್ಲ, ಹೆಗಲಲ್ಲಿತ್ತು. ಹೆಗಲು ಸರಿಯಾಗಿ ಕೂತರೆ ಅದರ ತುದಿಗೆ ಯಾವ ಪಂಜ ಇಟ್ಟರೂ ಕೈಯಾಗುತ್ತದೆ.

ಎರಡೇ ದಿನದಲ್ಲಿ ಗೋಡೆ ತುಂಬಿತು. ಒಂದು ಕಡೆ ಕಂದು ನಾಯಿ ನಾಲಗೆ ಚಾಚಿ ಸೂಜಿಗೆ ದಾರ ಪೋಣಿಸುತ್ತಿತ್ತು. ಇನ್ನೊಂದು ಕಡೆ ಬೂದು ಬೆಕ್ಕು ಫೋನಿನಲ್ಲಿ ಮಾತಾಡುತ್ತ ತರಕಾರಿ ಹೆಚ್ಚುತ್ತಿತ್ತು. ಡಾಕ್ಟರಮ್ಮ ನೋಡಿ ನಕ್ಕವರು ಮತ್ತೊಮ್ಮೆ ಬಂದು ನಕ್ಕರು. ಹೆಗಲುಗಳ ಜೊತೆ ಹೆಗಲಿನವರೂ ಗೋಡೆ ಹತ್ತಿದ್ದಾರೆ ಎಂಬುದು ಮಾತ್ರ ಪೇಂಟರ್‌ಗೆ ಹೊಳೆಯಲಿಲ್ಲ.

ಬೀದಿಗೆ ಹೊಳೆಯಿತು. ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಅಂಗಡಿಯಾಕೆ ತನ್ನ ನಾಯಿಯನ್ನು ಎಳೆದುಕೊಂಡು ಬಂದವಳು ಗೋಡೆ ನೋಡಿ, "ಇದು ನಮ್ಮ ಟೈಲರ್ ಅಲ್ವಾ?" ಎಂದಳು. ಬೆಕ್ಕಿನ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇದ್ಯಾರು ಅಂತ ನಾನ್ ಹೇಳಲ್ಲಪ್ಪ."

ಹೇಳುವುದಿಲ್ಲ ಎಂದದ್ದನ್ನು ಮಧ್ಯಾಹ್ನದೊಳಗೆ ಇಡೀ ಬೀದಿಗೆ ಹೇಳಿದ್ದಳು. ಮೂರು ಗಂಟೆಗೆ ಟೈಲರ್ ಬಂದ. ನಾಯಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ.

"ನಾಯಿ ಮಾಡಿದ್ದಕ್ಕೆ ಬೇಜಾರಿಲ್ಲ ಭಾವ. ಕೆಳಗೆ ನನ್ನ ಅಂಗಡಿ ಫೋನ್ ನಂಬರ್ ಹಾಕಿ. ಆಮೇಲೆ, ಅಮ್ಮ ಬರ್ತಿದಾಳೆ. ನಾನು ಬರ್ತೀನಿ." ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡಿದ.

ಸಿಟ್ಟು ಬಂದಾಗ ಅತ್ತೆ ಕೂಗುವುದಿಲ್ಲ, ಮರ್ಯಾದೆ ಕೊಡುತ್ತಾರೆ.

"ಅಳಿಯಂದಿರು ಬಹಳ ಚೆನ್ನಾಗಿ ಬರೆದಿದ್ದೀರಿ," ಎಂದರು. "ನನಗೆ ಮೀಸೆ ಒಂದು ಇರಲಿಲ್ಲ, ಅದನ್ನೂ ಕೊಟ್ಟಿರಿ."

"ಅತ್ತೆ, ಅದು ಬೆಕ್ಕು."

"ಗೊತ್ತಾಯ್ತು. ಬೀದಿಗೆಲ್ಲ ಗೊತ್ತಾಗಿದೆ. ದಯವಿಟ್ಟು ಅಳಿಸಿಬಿಡಿ."

ಪೇಂಟರ್ ಚಾಕ್ ತೆಗೆದುಕೊಂಡು ಬೆಕ್ಕಿನ ಕುತ್ತಿಗೆ ನೇರ ಮಾಡಿ ನೋಡಿದ, ಹೆಗಲು ಇಳಿಸಿ ನೋಡಿದ. ಐದೇ ಗೆರೆಗೆ ಪಂಜ ಮತ್ತೆ ಕೈಗವಸಾಯಿತು. ಒಳಗಿನಿಂದ ಬಂದ ಡಾಕ್ಟರಮ್ಮ, "ಹೀಗಾದ್ರೆ ಬೇಡ ಬಿಡಿ, ಪ್ರಿಂಟೇ ಹಾಕಿಸೋಣ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹೇಳಿದ್ದು ಹೇಳಿದ್ದೇ.

ಅವನು ಚಾಕ್ ಒರೆಸಿದ. "ಅರ್ಧಂಬರ್ಧ ನನ್ನ ಕೈಲಿ ಆಗಲ್ಲ ಅತ್ತೆ. ಬೇಡ ಅಂದ್ರೆ ಪೂರ್ತಿ ಬಿಳಿ ಹೊಡೀತೀನಿ."

"ಹೊಡೀರಿ." ಅತ್ತೆ ಬೆಂಚಿನ ಮೇಲೆ ಕುಳಿತರು. ಹೊಡೆಯುವವರೆಗೆ ಏಳುವ ಲಕ್ಷಣ ಇರಲಿಲ್ಲ.

ಅವನು ಬಿಳಿ ಬಣ್ಣದ ಡಬ್ಬಿ ತೆರೆದು ಕಲಕುತ್ತಿದ್ದಾಗ ಆರೇಳು ವರ್ಷದ ಹುಡುಗಿಯೊಬ್ಬಳು ತಾತನ ಜೊತೆ ಒಳಗೆ ಬಂದಳು. ಎದೆಗವಚಿಕೊಂಡ ಟವಲಿನಲ್ಲಿ ಬೆಕ್ಕಿನ ಮರಿ, ಮುಖದ ತುಂಬ ಕಣ್ಣೀರು. ಅತ್ತೆಯ ಪಕ್ಕ ಕೂತವಳು ಗೋಡೆ ನೋಡಿ ಬಿಕ್ಕುವುದನ್ನು ಮರೆತಳು.

"ಏಯ್, ಫೋನ್ ಇಡು. ಬೆರಳು ಕುಯ್ಕೋತೀಯ," ಎಂದು ಗೋಡೆಗೆ ಹೇಳಿದಳು. ಗೋಡೆ ಕೇಳಲಿಲ್ಲ. ಹುಡುಗಿ ಅತ್ತೆಯ ಕಡೆ ತಿರುಗಿದಳು. "ಅಷ್ಟೊತ್ತಿಂದ ಯಾರ ಹತ್ರ ಮಾತಾಡ್ತಿದೆ ಅದು?"

ಪೇಂಟರ್ ಕಲಕುವುದನ್ನು ನಿಲ್ಲಿಸಿದ.

"ತಂಗಿ ಹತ್ರ," ಎಂದರು ಅತ್ತೆ.

"ಏನಂತೆ?"

"ಮದುವೆ ಮುರೀತಂತೆ."

"ಯಾರದು?"

ಇಂಥ ಪ್ರಶ್ನೆಗೆ ಉತ್ತರ ಕೊಡದೆ ಅತ್ತೆ ಯಾವತ್ತೂ ಎದ್ದವರಲ್ಲ. "ಅದೊಂದು ದೊಡ್ಡ ಕತೆ," ಎಂದು ಶುರುಮಾಡಿದರು. ಕತೆಯಲ್ಲಿ ಹುಡುಗನ ಕಡೆಯವರು ಊಟದ ಮಧ್ಯೆ ಎದ್ದುಹೋಗುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹುಡುಗಿ ಮರಿ ಎತ್ತಿಕೊಂಡು ಓಡಿದಳು, ಅದಕ್ಕೆ ಸೂಜಿ ಹಾಕಿಸಿಕೊಂಡು ಅದೇ ಓಟದಲ್ಲಿ ಬಂದು ಕೂತಳು. ಕಣ್ಣು ಒಣಗಿತ್ತು.

"ಆಮೇಲೆ?"

ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಹುಡುಗಿಯನ್ನೂ ಗೋಡೆಯನ್ನೂ ನೋಡಿದರು. ಪ್ರಿಂಟಿನ ಮಾತು ಎತ್ತಲಿಲ್ಲ.

ತಾತ ಮೊಮ್ಮಗಳನ್ನು ಎಳೆದುಕೊಂಡು ಹೋದ ಮೇಲೆ ಅತ್ತೆ ಎದ್ದರು. ಕನ್ನಡಕ ಹಾಕಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಪೇಂಟರ್ ಬಿಳಿ ಬ್ರಷ್ ಹಿಡಿದು ಕಾದ.

"ಏನೋ ಇದು, ಬೆರಳುದ್ದ ಬೆರಳುದ್ದ? ನಾನು ಯಾವತ್ತಾದ್ರೂ ಹುರುಳಿಕಾಯಿ ಹೀಗೆ ಹೆಚ್ಚಿದೀನಾ? ನಾಲ್ಕು ಜನ ಬಂದು ನೋಡೋ ಜಾಗ ಇದು."

ಅವನು ಬಿಳಿ ಡಬ್ಬಿಯ ಮುಚ್ಚಳ ಹಾಕಿ ಹಸಿರು ತೆರೆದ. ಒಂದೊಂದೇ ತುಂಡನ್ನು ಎರಡು ಮಾಡಿದ.

"ಇನ್ನೂ ಸಣ್ಣ," ಎಂದರು ಅತ್ತೆ. ಅವನು ಎರಡನ್ನು ನಾಲ್ಕು ಮಾಡಿದ.

ಮುಚ್ಚುವ ಹೊತ್ತಿಗೆ ಡಾಕ್ಟರಮ್ಮ ಬೀಗ ಹಿಡಿದುಕೊಂಡು ಬಂದರು.

"ಸ್ವಲ್ಪ ತಾಳಮ್ಮ," ಎಂದರು ಅತ್ತೆ ಬೆಂಚಿನಿಂದಲೇ. "ಇನ್ನೊಂದು ಹಿಡಿ ಉಳಿದಿದೆ."