ಅಕ್ಕ ಸುರಿದ ಸಾಕೆ

ಜಪಾನಿನ ತೊಬಾತ ಊರಿನ ಆ ಅಂಗಡಿಯಲ್ಲಿ ಕುರ್ಚಿಗಳಿಲ್ಲ. ಉಕ್ಕಿನ ಕಾರ್ಖಾನೆಯಿಂದ ಬಂದವರು ಹಲಗೆಗೆ ಮೊಣಕೈ ಊರಿ ನಿಂತೇ ಕುಡಿಯಬೇಕು. ವೆಲ್ಡರ್ ಶಿಗೆಮಾತ್ಸು ದಿನವೂ ಕೇಳುವುದು ಅಲ್ಲಿನ ಅತಿ ಅಗ್ಗದ ಸಾಕೆಯನ್ನು, ಆ ಅಕ್ಕಿಯ ಹೆಂಡವನ್ನು. ಅದರ ಮೊದಲ ಗುಟುಕು ಇಳಿದರೆ ಹಗಲಿಡೀ ಕಿಡಿ ನೋಡಿ ಉರಿದ ಕಣ್ಣಿಗೂ ತಂಪು.

ಇನ್ನು ಅಂಗಡಿಯ ಒಡತಿ ತೊಮೊಯೆ ಅಕ್ಕ ಸುರಿಯುವ ಚೆಂದವೇ ಬೇರೆ. ಲೋಟ ತುಂಬಿ ಚೆಲ್ಲಬೇಕು, ಕೆಳಗಿನ ತಟ್ಟೆಯೂ ಅಂಚಿನವರೆಗೆ ತುಂಬಬೇಕು, ಹಲಗೆಗೆ ಮಾತ್ರ ಹನಿ ಬೀಳಬಾರದು.

"ನನ್ನ ಅಂಗಡೀಲಿ ಗಿರಾಕಿ ಬಾಯಲ್ಲಿ 'ಸಾಕು' ಅಂತ ಬರಕೂಡದು. ಬಂದ ದಿನ ಏಪ್ರನ್ ಬಿಚ್ಚಿಟ್ಟು ಮನೇಲಿ ಕೂತ್ಕೋತೀನಿ," ಎಂದು ಜಂಬ ಕೊಚ್ಚುತ್ತಿದ್ದಳು. ಅಮ್ಮ ಅಂಗಡಿ ಬಿಡಲೆಂದು ಮಗಳು ಚಿಜುರು ಈಗ ಆ ಮಾತನ್ನೇ ಹಿಡಿದು ಕೂತಿದ್ದಳು. ಅಕ್ಕನ ಕಣ್ಣು ಹೋಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು.

ಅಕ್ಕ ಈಗ ಸದ್ದು ಕೇಳಿಯೇ ಸುರಿಯುತ್ತಾಳೆಂಬುದು ಶಿಗೆಮಾತ್ಸು ಒಬ್ಬನಿಗೇ ಗೊತ್ತು. ಅವಳು ಬಾಟಲಿ ಎತ್ತಿದಾಗಲೆಲ್ಲ, "ಸ್ವಲ್ಪ ಬಾಯಿ ಮುಚ್ಕೊಳ್ರೋ," ಎಂದು ಪಕ್ಕದವರನ್ನು ಗದರುತ್ತಿದ್ದ.

ಆ ಸಂಜೆ ಅವಳು ಅವನ ಲೋಟಕ್ಕೆ ಸುರಿಯುತ್ತಿದ್ದಾಗಲೇ ಟಿ.ವಿ.ಯ ಬೇಸ್‌ಬಾಲ್ ಆಟದಲ್ಲಿ ಒಬ್ಬ ಚೆಂಡನ್ನು ಮೈದಾನದಾಚೆ ಅಟ್ಟಿದ. ಅಂಗಡಿಗೆ ಅಂಗಡಿಯೇ ಹೋ ಎಂದು ಕಿರುಚಿತು. ಲೋಟ ತುಂಬಿತು, ತಟ್ಟೆ ತುಂಬಿತು, ಅವಳ ಕೈ ನಿಲ್ಲಲಿಲ್ಲ. ಅರ್ಧ ಸುರಿದು ನಿಲ್ಲಿಸುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಹಲಗೆಯ ಮೇಲೆ ಸಾಕೆ ಹರಿಯಿತು. ಶಿಗೆಮಾತ್ಸು ಬಗ್ಗಿ ಹಲಗೆಗೇ ಬಾಯಿಟ್ಟು ಹೀರತೊಡಗಿದ.

"ನೋಡ್ರೋ, ಜಿಪುಣ ಹಲಗೇನೂ ಬಿಡಲ್ಲ!" ಯಾರೋ ನಕ್ಕರು.

ಚಿಜುರು ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ಸಾಕೆ ಅವನ ಗಲ್ಲದಿಂದ ಅಂಗಿಗೆ ಇಳಿಯುತ್ತಿತ್ತು. ಒಬ್ಬ ಮನುಷ್ಯ ಎಷ್ಟೆಂದು ಹೀರಿಯಾನು!

"ನಂಗೇನೂ ಕೇಳಿಸ್ತಿಲ್ಲ ಕಣೋ," ಅಕ್ಕ ಅವನತ್ತ ಬಾಗಿ ಪಿಸುಗುಟ್ಟಿದಳು. "ಎಲ್ಲಿಗೆ ಬಂತು? ಹೇಳೋ."

ಅವನು ಬೇರೆ ಮಾತಿಗಾಗಿ ತಡಕಾಡಿದ. ಹಾಳಾದ್ದು, ಒಂದೂ ಬಾಯಿಗೆ ಬರಲಿಲ್ಲ.

"ಸಾಕಕ್ಕಾ."

ಗದ್ದಲ ಅಷ್ಟರಲ್ಲಿ ಅಡಗಿತ್ತು. ಎಲ್ಲರಿಗೂ ಕೇಳಿಸಿತು. ಅಕ್ಕ ಬಾಟಲಿ ಇಟ್ಟಳು. ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚಿದಳು.

"ಇವತ್ತಿಂದು ಚೆನ್ನಾಗಿತ್ತೇನೋ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಅವಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.